ಹಗ್ಗ ತುಳೀಬೇಡ!

ಬಂಡೆ ಹತ್ತೋ 60 ಮೀಟರ್ ಹಗ್ಗವನ್ನು ನಿನ್ನೆ ರಾತ್ರಿ ಹಾಲ್‌ನಲ್ಲಿ ಬಿಚ್ಚಿಕೊಂಡು, ಗೇಣು ಗೇಣಿಗೂ ಬೆರಳಿಂದ ಒತ್ತಿ ನೋಡುತ್ತಾ ಕೂತಿದ್ದೆ. ಎಲ್ಲಾದರೂ ಒಳಗಿನ ಎಳೆ ಮೆತ್ತಗೆ ಸಿಕ್ಕಿತೋ, ಆ ಹಗ್ಗದ ಕಥೆ ಮುಗೀತು. ಅಷ್ಟರಲ್ಲಿ ಎರಡೂವರೆ ವರ್ಷದ ಮಗರಾಯ ಇನ್ನೊಂದು ತುದಿ ಹಿಡಿದು, ಚುಕುಬುಕು ಅಂತ ಮಂಚದಡಿ ನುಗ್ಗಿದ. ವಾಪಸ್ ಬಂದಾಗ ಹಗ್ಗದ ತುಂಬಾ ಧೂಳು, ಕೂದಲು, ಕಳೆದುಹೋಗಿದ್ದ ಒಂದು ಕಾಲುಚೀಲ.

"ತುಳೀಬೇಡ್ವೋ, ಮರಳು ಒಳಗೆ ಹೋದ್ರೆ ನೈಲಾನ್ ಎಳೇನ ಕೊಯ್ಯುತ್ತೆ!" ಯಾರಿಗೆ ಹೇಳ್ತಿದ್ದೀನಿ ನಾನು?

ಆರು ವರ್ಷದವಳದ್ದು ಬೇರೆಯೇ ಕಸುಬು. ಕರಡಿ ಬೊಂಬೆಯ ಸೊಂಟಕ್ಕೆ ಎಂಟರ ಗಂಟು ಹಾಕುತ್ತಿದ್ದಳು, ಬಂಡೆ ಹತ್ತುವಾಗ ನಾವು ಸೊಂಟಪಟ್ಟಿಗೆ ಹಗ್ಗ ಕಟ್ಟಿಕೊಳ್ಳೋ 8ರ ಆಕಾರದ ಗಂಟು. ಮೊದಲು ಒಂದು ಎಂಟು, ಆಮೇಲೆ ಹಗ್ಗದ ಬಾಲವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ತರಬೇಕು. ನಾಲಿಗೆ ಕಚ್ಚಿಕೊಂಡು ತಂದಳು, ಎಳೆಗಳು ಒಂದರ ಮೇಲೊಂದು ಅಡ್ಡ ಬಿದ್ದಿದ್ದವು. ಬಿಚ್ಚಿಸಿದೆ. ಮೂರನೇ ಸಲ ನನಗಿಂತ ಚೆನ್ನಾಗಿ ಕೂತಿತು, ನಿಜವಾಗಲೂ.

"ಅಮ್ಮಾ, ನಾಳೆ ನಿನ್ನ ಗಂಟನ್ನ ಯಾರು ನೋಡ್ತಾರೆ?"

"ಅಪ್ಪ."

"ಅಪ್ಪಂದು?"

"ನಾನು."

ಸ್ವಲ್ಪ ಯೋಚಿಸಿದಳು. ಬೆಳಿಗ್ಗೆ ಐದಕ್ಕೆ ನೋಡಿದರೆ ನನ್ನ ಚೀಲದ ಮೇಲೆ ಕರಡಿಯನ್ನು ಕೂರಿಸಿದ್ದಾಳೆ, ಗಂಟು ಸಮೇತ.