ಗುಂಟೋ ಹುಡುಕಿ ಜಪಾನಿಗೆ ಹೋಗುವವರಿಗೆ: ಕತ್ತಿ ಬೇಡ, ತ್ಸುಬಾ (ಹಿಡಿಯ ಬಿಲ್ಲೆ) ತನ್ನಿ

ಮೊದಲೇ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದ ಜಪಾನಿ ಮಿಲಿಟರಿ ಕತ್ತಿ, ಅಂದರೆ ಗುಂಟೋ, ಕೊಳ್ಳಬೇಕು ಅಂತ ಜಪಾನಿಗೆ ಟಿಕೆಟ್ ನೋಡುತ್ತಿದ್ದರೆ ಸ್ವಲ್ಪ ತಡೀರಿ. ಅದನ್ನು ಕೊಳ್ಳೋಕೆ ಜಪಾನಿನಷ್ಟು ಕಷ್ಟದ ಜಾಗ ಇನ್ನೊಂದಿಲ್ಲ.

ಕಾರಣ ಸರಳ. ಯುದ್ಧದ ಸಮಯದಲ್ಲಿ ಅಲ್ಲಿನ ಸೇನೆಗೆ ಲಕ್ಷಗಟ್ಟಲೆ ಕತ್ತಿ ಬೇಕಾಗಿತ್ತು. ಹಳೇ ಪದ್ಧತಿಯಲ್ಲಿ ಉಕ್ಕು ಮಡಚಿ ಬಡಿಯುತ್ತಾ ಕೂತರೆ ಆಗೋ ಕೆಲಸ ಅಲ್ಲ. ಹಾಗಾಗಿ ಹೆಚ್ಚಿನವು ಕಾರ್ಖಾನೆ ಉಕ್ಕಿನವು, ನೀರಿನ ಬದಲು ಎಣ್ಣೆಯಲ್ಲಿ ಅದ್ದಿ ಹದ ಮಾಡಿದವು. ಇವಕ್ಕೆ ಶೋವಾತೋ ಅನ್ನುತ್ತಾರೆ. ಅಲ್ಲಿನ 1958ರ ಕಾನೂನಿನ ಪ್ರಕಾರ 15 ಸೆಂಟಿಮೀಟರಿಗಿಂತ ಉದ್ದದ ಕತ್ತಿಗೆ ನೋಂದಣಿ ಚೀಟಿ ಇರಲೇಬೇಕು. ಅದು ಸಿಗುವುದು ಸಾಂಪ್ರದಾಯಿಕ ರೀತಿಯಲ್ಲಿ ಮಾಡಿದ, ಕಲೆಯ ಬೆಲೆ ಇರುವ ಅಲಗಿಗೆ ಮಾತ್ರ. ಶೋವಾತೋ ಅಜ್ಜನ ಅಟ್ಟದ ಮೇಲೆ ಸಿಕ್ಕಿದರೂ ಇಟ್ಟುಕೊಳ್ಳುವಂತಿಲ್ಲ.

ಹಾಗಾದರೆ ಅವೆಲ್ಲ ಎಲ್ಲಿವೆ? ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ. 1945ರಲ್ಲಿ ಗೆದ್ದ ಸೈನಿಕರು ಮನೆಗೆ ಒಯ್ದರು. ನಮ್ಮ ಕಡೆಗೂ ಬಂದಿವೆ, ಬರ್ಮಾದಲ್ಲಿ ಹೋರಾಡಿದ ಭಾರತೀಯ ಸೇನೆಯವರ ಜೊತೆ. ಕೊಡಗಿನ ತಿಮ್ಮಯ್ಯನವರು ಬರ್ಮಾ ಯುದ್ಧದಲ್ಲಿದ್ದರು, ಯುದ್ಧ ಮುಗಿದ ಮೇಲೆ ಭಾರತದ ಒಂದು ಬ್ರಿಗೇಡಿನ ಮುಖ್ಯಸ್ಥರಾಗಿ ಜಪಾನಿಗೇ ಹೋದರು. ಮಡಿಕೇರಿಯ ನನ್ನ ಗೆಳೆಯನ ಮನೆಯಲ್ಲೂ ಅಂಥದ್ದೊಂದು ಕತ್ತಿ ಇದೆ, ಅವನ ತಾತ ಬರ್ಮಾದಿಂದ ತಂದದ್ದು. ನನಗೆ ಈ ಹುಚ್ಚು ಹಿಡಿದದ್ದು ಅದನ್ನು ನೋಡಿಯೇ.

ಮತ್ತೆ ಜಪಾನಿಗೆ ಯಾಕೆ ಹೋಗಬೇಕು ಅಂದರೆ, ಕಣ್ಣು ಪಳಗಿಸೋಕೆ. ಆನ್‌ಲೈನ್ ಹರಾಜುಗಳಲ್ಲಿ ನಕಲಿ ಗುಂಟೋ ತುಂಬಿ ತುಳುಕುತ್ತಿವೆ. ಅಸಲಿ ಹೇಗಿರುತ್ತೆ ಅಂತ ಹತ್ತಿರದಿಂದ ನೋಡದೆ ನಕಲಿ ಗೊತ್ತಾಗಲ್ಲ. ಫೋಟೋ ನೋಡಿ ಕಲಿಯುವುದಕ್ಕೂ ಒಂದು ಮಿತಿ ಇದೆ ಅಲ್ವಾ.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಹತ್ತಿರವೋ ಪರಿಚಯದವರ ಹತ್ತಿರವೋ ಕತ್ತಿ ಇದ್ದರೆ, ಹಿಡಿ ಬಿಚ್ಚಿ ಅದರೊಳಗಿನ ಅಲಗಿನ ಭಾಗದ, ಅಂದರೆ ನಕಾಗೋದ, ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಪ್ರತಿ ಬಿಡಿಭಾಗದ್ದೂ, ಪ್ರತಿ ಮುದ್ರೆಯದ್ದೂ ಬೇರೆ ಬೇರೆ ಫೋಟೋ ಇರಲಿ, ಪಕ್ಕದ ಕಿಟಕಿಯಿಂದ ಬೆಳಕು ಬೀಳುವಾಗ ತೆಗೆದರೆ ಅಕ್ಷರ ಎದ್ದು ಕಾಣುತ್ತೆ. ತುಕ್ಕು ಮಾತ್ರ ಉಜ್ಜಬೇಡಿ, ದಯವಿಟ್ಟು. ಕತ್ತಿಯ ವಯಸ್ಸು ಹೇಳುವುದೇ ಆ ತುಕ್ಕು.

ಟೋಕಿಯೋದಲ್ಲಿ ಮೊದಲು ರ್ಯೋಗೊಕುವಿನ ಕತ್ತಿ ಮ್ಯೂಸಿಯಂಗೆ ಹೋಗಿ. ಜಪಾನಿ ಕಲಾ ಕತ್ತಿಗಳ ಸಂರಕ್ಷಣಾ ಸಂಘದ್ದು ಇದು, 2018ರಲ್ಲಿ ಯೊಯೊಗಿಯಿಂದ ಇಲ್ಲಿಗೆ ಬಂತು. ಇಲ್ಲಿ ಗುಂಟೋ ನೋಡಲು ಹೋಗಬೇಡಿ, ಹದದ ಗೆರೆ ಅಂದರೆ ಹಾಮೊನ್ ನಿಜವಾಗಿ ಹೇಗೆ ಹೊಳೆಯುತ್ತೆ ಅಂತ ನೋಡಲು ಹೋಗಿ. ಗಾಜಿನ ಮುಂದೆ ಸ್ವಲ್ಪ ಮಂಡಿ ಬಗ್ಗಿಸಿ, ದೀಪದ ಪ್ರತಿಬಿಂಬ ಅಲಗಿನ ಮೇಲೆ ಜಾರುವ ಹಾಗೆ ತಲೆ ಆಡಿಸಿ. ಸಣ್ಣ ಸಣ್ಣ ಹೊಳೆಯುವ ಕಣಗಳು ಕಾಣುತ್ತವೆ. ಇದಕ್ಕೆ ನಿಎ ಅನ್ನುತ್ತಾರೆ. ಎಣ್ಣೆಯಲ್ಲಿ ಹದ ಮಾಡಿದ ಅಲಗಿನಲ್ಲಿ ಇದು ಸಾಮಾನ್ಯವಾಗಿ ಇರಲ್ಲ, ಗೆರೆ ಸಪ್ಪೆಯಾಗಿರುತ್ತೆ. ಉಎನೊದ ನ್ಯಾಷನಲ್ ಮ್ಯೂಸಿಯಂನಲ್ಲೂ ಒಂದು ಕತ್ತಿ ಕೋಣೆ ಇದೆ. ಎರಡಕ್ಕೂ ಸೋಮವಾರ ಸಾಮಾನ್ಯವಾಗಿ ರಜೆ, ಪ್ಲಾನ್ ಮಾಡುವಾಗ ನೆನಪಿರಲಿ.

ಟೋಕಿಯೋದಲ್ಲೇ ಇರುವ, ಯುದ್ಧದಲ್ಲಿ ಸತ್ತ ಜಪಾನಿನವರ ನೆನಪಿನ ಯಾಸುಕುನಿ ಮಂದಿರದ ಯೂಶೂಕಾನ್ ಮ್ಯೂಸಿಯಂ ಬೇರೆಯೇ ಕಥೆ. ಅಲ್ಲಿ ಇತಿಹಾಸ ಹೇಳುವ ಧಾಟಿ ನನಗೆ ಇಷ್ಟವಾಗಲಿಲ್ಲ, ನಿಮಗೂ ಕಸಿವಿಸಿ ಆಗಬಹುದು. ಬಾಗಿಲಲ್ಲೇ ಥಾಯ್ಲೆಂಡ್-ಬರ್ಮಾ ರೈಲಿನ ಎಂಜಿನ್ ನಿಲ್ಲಿಸಿದ್ದಾರೆ, ಆ ಹಳಿ ಹಾಕಲು ಮಲಯದಿಂದ ಎಳೆದೊಯ್ದ ತಮಿಳು ಕೂಲಿಗಳು ಎಷ್ಟೋ ಮಂದಿ ಅಲ್ಲೇ ಸತ್ತರು. ಆದರೂ ಗುಂಟೋ ವಿಷಯಕ್ಕೆ ಈ ಜಾಗ ಮುಖ್ಯ. 1933ರಿಂದ 1945ರವರೆಗೆ ಇದೇ ಮಂದಿರದ ಆವರಣದಲ್ಲಿ ಕುಲುಮೆ ಇತ್ತು, ಹಳೇ ಪದ್ಧತಿಯಲ್ಲೇ ಸುಮಾರು 8,100 ಕತ್ತಿ ಮಾಡಿದರು. ಅವು ಯಾಸುಕುನಿತೋ. ಹೊರಗೆ ಮಿಲಿಟರಿ ಒರೆ, ಒಳಗೆ ಸಾಂಪ್ರದಾಯಿಕ ಅಲಗು, ಹಾಗಾಗಿ ಜಪಾನಿನಲ್ಲೂ ನೋಂದಣಿ ಆಗುತ್ತೆ.

ಇದೇ ಥರ ಕೆಲವು ಅಧಿಕಾರಿಗಳು ಮನೆತನದ ಹಳೇ ಅಲಗನ್ನೇ ಮಿಲಿಟರಿ ಒರೆಗೆ ಹಾಕಿಸಿಕೊಂಡಿದ್ದರು. ಅಂಥದ್ದು ಅಂಗಡಿಗಳಲ್ಲಿ ಸಿಗುತ್ತೆ. ನಾನು ಹೋದ ಅಂಗಡಿಯ ಹಿರಿಯರು ಒಂದನ್ನು ಬಿಚ್ಚಿ ತೋರಿಸಿದರು. ಹಿಡಿಯ ಬಿದಿರಿನ ಬೆಣೆ ಹೊರಗೆ ತಳ್ಳಿದರು, ಎಡಗೈಯಲ್ಲಿ ಹಿಡಿ ಹಿಡಿದು ಬಲ ಮುಷ್ಟಿಯಿಂದ ಆ ಎಡಗೈ ಮಣಿಕಟ್ಟಿನ ಮೇಲೆ ಮೆಲ್ಲಗೆ ಗುದ್ದಿದರು, ಅಲಗು ಸಡಿಲವಾಯಿತು. ಲವಂಗದ ವಾಸನೆ ಬಂತು, ಅಲಗಿಗೆ ಹಚ್ಚುವ ಚೋಜಿ ಎಣ್ಣೆಯದ್ದು. ಆಮೇಲೆ ತ್ಸುಬಾ, ಅಂದರೆ ಕೈಗೆ ಅಡ್ಡ ಇರುವ ಬಿಲ್ಲೆ, ಅದರ ಎರಡೂ ಬದಿಯ ತೆಳು ವಾಷರ್‌ಗಳಾದ ಸೆಪ್ಪಾ, ಎಲ್ಲವನ್ನೂ ಬಿಳಿ ಬಟ್ಟೆಯ ಮೇಲೆ ಬಂದ ಕ್ರಮದಲ್ಲೇ ಸಾಲಾಗಿ ಇಟ್ಟರು. ಪ್ರತಿಯೊಂದರ ಮೇಲೂ 47 ಅಂತ ಪುಟ್ಟ ಅಂಕಿ. ಜೋಡಿಸುವಾಗ ಕಾರ್ಖಾನೆಯವರು ಹೊಡೆದ ನಂಬರ್ ಅದು. ಎಲ್ಲ ಒಂದೇ ಇದ್ದರೆ ಸೆಟ್ ಚೆದುರಿಲ್ಲ ಅಂತ ಅರ್ಥ, ಒಂದೆರಡು ಬೇರೆಯಾದರೆ ಯಾರೋ ಮಧ್ಯೆ ಕೈ ಆಡಿಸಿದ್ದಾರೆ. ಗೆಳೆಯನ ಕತ್ತಿಯ ಫೋಟೋ ತೋರಿಸಿದೆ. ಅವರು ಮುದ್ರೆಯನ್ನು ಹಿಗ್ಗಿಸಿ ನೋಡಿ ಒಂದೇ ಮಾತು ಹೇಳಿದರು, "ಸೆಕಿ". ಅದು ಕತ್ತಿ ಮಾಡುವ ಊರಿನ ಹೆಸರು. ಕಾರ್ಖಾನೆ ಅಲಗು, ಬಿಡಿಭಾಗ ಮಾತ್ರ ಚೆನ್ನಾಗಿವೆ ಅಂತ ಮೊಬೈಲ್ ಅನುವಾದದಲ್ಲಿ ಬಂತು.

ಕತ್ತಿ ಕೈಗೆ ಕೊಟ್ಟರೆ ಉಂಗುರ, ವಾಚ್ ತೆಗೆದಿಡಿ. ಅಲಗಿಗೆ ಬೆರಳು ತಾಗಿಸಬೇಡಿ, ಅದರ ಮೇಲೆ ಬಾಗಿ ಮಾತಾಡಬೇಡಿ. ಎಂಜಲು ಹನಿ ಬಿದ್ದರೂ ಕಲೆ ಕೂರುತ್ತೆ.

ಈಗ ಅಸಲಿ-ನಕಲಿ ವಿಷಯ. ಅಧಿಕಾರಿಗಳ ಕತ್ತಿಯಲ್ಲಿ 1934ರ ಮಾದರಿಗೆ ಒರೆಯಲ್ಲಿ ಎರಡು ನೇತುಹಾಕುವ ಬಳೆ, 1938ರದ್ದಕ್ಕೆ ಸಾಮಾನ್ಯವಾಗಿ ಒಂದೇ. ಸೇನೆಯ ಬಿಲ್ಲೆ, ಹಿಡಿಯ ತುದಿ ಎಲ್ಲದರಲ್ಲೂ ಚೆರ್ರಿ ಹೂವು. ಅಸಲಿಯಲ್ಲಿ ಆ ಹೂವಿನ ಎಸಳು, ಕೇಸರ ಗರಿಗರಿಯಾಗಿ ಎದ್ದಿರುತ್ತೆ, ನಕಲಿಯಲ್ಲಿ ಹಳೇ ಅಚ್ಚಿನ ಚಕ್ಕುಲಿ ಥರ ಮೊಂಡು. ಹಿಡಿಗೆ ಕಟ್ಟುವ ಗೊಂಡೆಯ ಬಣ್ಣವೂ ನೋಡಿ: ಕಂದು-ನೀಲಿ ಕ್ಯಾಪ್ಟನ್‌ವರೆಗಿನವರದ್ದು, ಕಂದು-ಕೆಂಪು ಮೇಜರ್‌ನಿಂದ ಕರ್ನಲ್‌ವರೆಗಿನವರದ್ದು. ಗೊಂಡೆ ಮಾತ್ರ ಹೊಸದಾಗಿ ಮಾಡಿ ಮಾರುವವರು ಬೇಕಾದಷ್ಟಿದ್ದಾರೆ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಹವಾಲ್ದಾರ್ ದರ್ಜೆಯವರ 1935ರ ಮಾದರಿಯಲ್ಲಿ ಹಿಡಿಯೇ ಲೋಹದ ಎರಕ, ಹೆಣಿಗೆ ಇದ್ದ ಹಾಗೆ ಬಣ್ಣ ಬಳಿದಿರುತ್ತಾರೆ. ಅಲಗಿನ ಮೇಲೆ ನಂಬರ್ ಇರುತ್ತೆ, ಒರೆಯಲ್ಲೂ ಅದೇ ನಂಬರ್ ಇರಬೇಕು. ಅತಿ ಹೆಚ್ಚು ನಕಲಿ ಬರುವುದು ಇದರಲ್ಲೇ. ಅಂಕಿಗಳು ಅಂಕುಡೊಂಕಾಗಿದ್ದರೆ, ಅಲಗಿನ ಉದ್ದದ ಕಾಲುವೆ ಒರಟಾಗಿದ್ದರೆ ಕೈ ಬಿಡಿ. ನಕಾಗೋದ ತುಕ್ಕು 80 ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗಿರುತ್ತೆ. ಕಿತ್ತಳೆ ಬಣ್ಣದ, ಎಲ್ಲ ಕಡೆ ಒಂದೇ ಸಮ ಇರುವ ತುಕ್ಕು ಕಂಡರೆ ಆಸಿಡ್ ಕೆಲಸ ಅಂತ ಅನುಮಾನ ಪಡಿ. ಸೆಕಿ ಮುದ್ರೆಗೂ ನಕ್ಷತ್ರದ ಮುದ್ರೆಗೂ ದೊಡ್ಡ ವ್ಯತ್ಯಾಸ ಇದೆ. ನಕ್ಷತ್ರ ಇದ್ದರೆ ಸೇನೆ ಒಪ್ಪಿದ ಕಮ್ಮಾರರು ಹಳೇ ಪದ್ಧತಿಯಲ್ಲಿ ಮಾಡಿದ್ದು, ಬೆಲೆ ಜಿಗಿಯುವುದು ಅದಕ್ಕೇ. ಆದ್ದರಿಂದ ಆ ಮುದ್ರೆಯನ್ನೂ ನಕಲು ಹೊಡೆಯುತ್ತಾರೆ.

ಸೆಕಿ ಊರಿಗೆ ಹೋಗಲೇಬೇಕು, ಯುದ್ಧದ ಕತ್ತಿಗಳಲ್ಲಿ ದೊಡ್ಡ ಪಾಲು ಬಂದದ್ದು ಅಲ್ಲಿಂದ. ನಗೋಯಾಗೆ ಬುಲೆಟ್ ರೈಲು, ಅಲ್ಲಿಂದ ಗಿಫುಗೆ ಸುಮಾರು 20 ನಿಮಿಷದ ರೈಲು, ಆಮೇಲೆ ಬಸ್. ರೈಲು ಪಾಸ್ ಬೇಕಿಲ್ಲ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 50,000 ಯೆನ್‌ಗೆ ಏರಿತು, ಇಷ್ಟು ಓಡಾಟಕ್ಕೆ ಬಿಡಿ ಟಿಕೆಟ್ಟೇ ಅಗ್ಗ. ಕಮ್ಮಾರರ ಮ್ಯೂಸಿಯಂನಲ್ಲಿ ಬಡಿಯುವ ಪ್ರದರ್ಶನ ಕೆಲವೇ ದಿನ ಇರುತ್ತೆ, ತಾರೀಖು ನೋಡಿಕೊಂಡು ಹೋಗಿ. ಶರತ್ಕಾಲದಲ್ಲಿ ಚಾಕು-ಕತ್ತಿಗಳ ಜಾತ್ರೆ ಆಗುತ್ತೆ, ಆಗ ರೂಮ್ ಸಿಗುವುದು ಕಷ್ಟ. ಸಸ್ಯಾಹಾರಿಗಳಿಗೆ ಆ ಊರಲ್ಲಿ ಹೆಚ್ಚೇನಿಲ್ಲ, ಹೆಸರುವಾಸಿ ಊಟವೇ ಹಾವುಮೀನು. ಚಟ್ನಿಪುಡಿ ಜೊತೆಗಿರಲಿ.

ಸಮಯ ಇದ್ದರೆ ಒಕಾಯಾಮಾ ಹತ್ತಿರದ ಓಸಾಫುನೆಯನ್ನೂ ನೋಡಿ. ಗುಂಟೋಗೆ ಸಂಬಂಧ ಇಲ್ಲ, ಆದರೆ ಸಾಂಚೋಮೊ ಅನ್ನುವ ರಾಷ್ಟ್ರೀಯ ನಿಧಿ ಕತ್ತಿಯನ್ನು ಆ ಪುಟ್ಟ ಊರಿನವರು ದೇಣಿಗೆ ಎತ್ತಿ 50 ಕೋಟಿ ಯೆನ್‌ಗೆ ಕೊಂಡಿದ್ದಾರೆ. ಯಾವಾಗಲೂ ಪ್ರದರ್ಶನಕ್ಕೆ ಇಡಲ್ಲ.

ಏನು ಕೊಳ್ಳಬೇಕು? ಬಿಡಿಭಾಗ. ತ್ಸುಬಾ, ಸೆಪ್ಪಾ, ಹಿಡಿಯ ಅಲಂಕಾರ ಯಾವುದಕ್ಕೂ ನೋಂದಣಿ ಬೇಡ. ಟೋಕಿಯೋ ಇಂಟರ್‌ನ್ಯಾಷನಲ್ ಫೋರಂ ಅಂಗಳದ ಹಳೇ ಸಾಮಾನಿನ ಸಂತೆಯಲ್ಲಿ ಹುಡುಕಬಹುದು. ಹಳೇ ತ್ಸುಬಾಗೆ ಕತ್ತಿ ಮ್ಯೂಸಿಯಂ ನಡೆಸುವ ಆ ಸಂಘದ ಪ್ರಮಾಣಪತ್ರ ತೋರಿಸಿದರೆ ಅದರಲ್ಲಿ ಫೋಟೋ ಇರುತ್ತೆ, ಕೈಯಲ್ಲಿರುವ ವಸ್ತುವಿನ ಜೊತೆ ಗೀರು ಗೀರೂ ಹೋಲಿಸಿ. ಸುಮ್ನೆ ಕಾಗದ ನೋಡಿ ತಲೆ ಆಡಿಸಬೇಡಿ.

ನೋಂದಣಿ ಇರುವ ಕತ್ತಿಯನ್ನೇ ಕೊಂಡರೂ ಜಪಾನಿನ ಸಂಸ್ಕೃತಿ ಇಲಾಖೆಯ ರಫ್ತು ಅನುಮತಿಗೆ ವಾರಗಟ್ಟಲೆ ಕಾಯಬೇಕು. ಈ ಕಡೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಕತ್ತಿ ಆಮದಿಗೆ ಲೈಸೆನ್ಸ್ ಬೇಕು. ಅದಿಲ್ಲದೆ ತಂದರೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಕಥೆ ಮುಗಿಯುತ್ತೆ.

ತ್ಸುಬಾವನ್ನು ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆ ಮಧ್ಯೆ ಇಡಿ, ರಸೀದಿ ಕೈಯಲ್ಲಿರಲಿ. ಸೆಕಿಯಲ್ಲಿ ಅಡುಗೆ ಚಾಕು ಕೊಂಡರೆ ಅಂಗಡಿಯ ಪ್ಯಾಕ್ ಒಡೆಯದೆ ಹಾಗೇ ಬ್ಯಾಗಿಗೆ ಹಾಕಿ. ಆರು ಸೆಂಟಿಮೀಟರಿಗಿಂತ ಉದ್ದದ ಚಾಕುವನ್ನು ಕಾರಣ ಇಲ್ಲದೆ ಇಟ್ಟುಕೊಂಡು ಓಡಾಡುವುದೂ ಅಲ್ಲಿ ಅಪರಾಧ.