ತಾತ ಸೆರೆಯಾದ ಸಿಂಗಪುರ ನೋಡಲು ಹೊರಟವರಿಗೆ: ಚಾಂಗಿಯಿಂದ ಶುರು ಮಾಡಬೇಡಿ

ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಮೈಸೂರು ಮಹಾರಾಜರ ಕಾಲಾಳು ಪಡೆಯಲ್ಲಿದ್ದವರು. 1942ರಲ್ಲಿ ಸಿಂಗಪುರದಲ್ಲಿ ಜಪಾನಿನವರ ಕೈಗೆ ಸಿಕ್ಕಿ, ಅಲ್ಲಿಂದ ಪರಾರಿಯಾಗಿ ಊರು ಸೇರಿದರು ಅನ್ನೋದು ಮನೆಯಲ್ಲಿ ನಡೆದುಕೊಂಡು ಬಂದ ಕತೆ. ಅವರು ಹೋಗಿ ಮೂವತ್ತು ವರ್ಷದ ಮೇಲಾಯಿತು. ಹೋದ ವರ್ಷ ಎಪ್ಪತ್ತನಾಲ್ಕರ ಅಮ್ಮನನ್ನು ಕರೆದುಕೊಂಡು ಐದು ದಿನ ಹೋಗಿಬಂದೆ. ವೀಸಾ, ವಿಮಾನದ ವಿಷಯ ಎಲ್ಲ ಕಡೆ ಸಿಗುತ್ತೆ, ಅದನ್ನು ಬಿಡಿ. ನಾನು ದುಡ್ಡು ಕಳಕೊಂಡದ್ದು ಎಲ್ಲಿ ಅನ್ನೋದನ್ನು ಮೊದಲು ಹೇಳಿಬಿಡ್ತೀನಿ.

'ಭಾರತೀಯ ಯುದ್ಧಕೈದಿಗಳ ಜಾಡಿನಲ್ಲಿ' ಅಂತ ಹೇಳಿ ಒಬ್ಬರು ಅರ್ಧ ದಿನದ ಕಾರು ಪ್ರವಾಸ ಮಾರಿದರು. ಬೆಲೆ ಕೇಳಿ ಎದೆ ಧಸಕ್ಕೆಂದರೂ ತಾತನ ಹೆಸರಿನಲ್ಲಿ ತಾನೇ ಅಂತ ಕೊಟ್ಟೆ. ಸೀದಾ ಚಾಂಗಿ ಚಾಪೆಲ್ ಮತ್ತು ಮ್ಯೂಸಿಯಂಗೆ ಕರೆದುಕೊಂಡು ಹೋದರು. ಮ್ಯೂಸಿಯಂ ಮೇಲೆ ನನ್ನದೇನೂ ದೂರಿಲ್ಲ. ಕೈದಿಗಳ ಡೈರಿ, ಸ್ಟ್ಯಾನ್ಲಿ ವಾರೆನ್ ಅನ್ನೋ ಕೈದಿ ಕಾಯಿಲೆಯಲ್ಲೇ ಬರೆದ ಗೋಡೆಚಿತ್ರಗಳ ಪ್ರತಿ, ಎಲ್ಲ ಅಚ್ಚುಕಟ್ಟು. ಆದರೆ ಅದು ಹೆಚ್ಚಾಗಿ ಬ್ರಿಟಿಷರ, ಆಸ್ಟ್ರೇಲಿಯನ್ನರ ಕತೆ. ಅಮ್ಮ ಒಂದು ಸುತ್ತು ಹಾಕಿ ಬಂದು, "ನಮ್ಮೋರು ಎಲ್ಲಿದಾರೋ ಇಲ್ಲಿ?" ಅಂದಳು. ಗೈಡ್ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ, ಇಂಡಿಯನ್ ಸೈನಿಕರನ್ನು ಒಪ್ಪಿಸಿಕೊಂಡದ್ದು ಫ್ಯಾರರ್ ಪಾರ್ಕಿನಲ್ಲಿ ಅಂತ ಮೆಲ್ಲಗೆ ಬಾಯಿಬಿಟ್ಟ. ಅಲ್ಲಿಗೆ ಹೋಗೋದು ಪ್ಯಾಕೇಜಿನಲ್ಲಿ ಇಲ್ಲವಂತೆ!

ಹಿಂದಿನ ಸೀಟಿನಲ್ಲಿದ್ದ ಅಮ್ಮ ನೆಟ್ಟಗೆ ಕೂತಳು. "ಪರಾರ್ ಪಾರ್ಕು! ಅಪ್ಪ ಅಂತಿದ್ದದ್ದು ಅದೇ ಕಣೋ. 'ಪರಾರ್ ಪಾರ್ಕಲ್ಲಿ ಬಿಸಿಲಲ್ಲಿ ಕೂರಿಸಿದ್ರು' ಅನ್ನೋರು." ಮಕ್ಕಳ ಕಿವಿಗೆ ಅದು ಪರಾರಿ ಅಂತ ಬಿದ್ದಿದೆ. ತಾತ ಎಲ್ಲಿಗೂ ಪರಾರಿಯಾಗಿರಲಿಲ್ಲ.

ಆದದ್ದು ಇಷ್ಟು. 1942ರ ಫೆಬ್ರವರಿ 15ರಂದು ಬ್ರಿಟಿಷ್ ಪಡೆಯ ಜನರಲ್ ಪರ್ಸಿವಲ್ ಜಪಾನಿಗೆ ಶರಣಾದ. ಬಿಳಿಯರಿಗೆ ಚಾಂಗಿಯ ಕಡೆ ನಡೆಯೋಕೆ ಹೇಳಿದರು. ಇಂಡಿಯನ್ ಸೈನಿಕರನ್ನು ಬೇರೆ ಮಾಡಿ 17ರಂದು ಫ್ಯಾರರ್ ಪಾರ್ಕ್ ಮೈದಾನಕ್ಕೆ ಕರೆಸಿದರು. ನಲವತ್ತು ಸಾವಿರಕ್ಕೂ ಹೆಚ್ಚು ಜನ. ಒಬ್ಬ ಬ್ರಿಟಿಷ್ ಅಧಿಕಾರಿ ಇವರನ್ನು ಜಪಾನಿನ ಮೇಜರ್ ಫುಜಿವಾರನಿಗೆ ಒಪ್ಪಿಸಿದ. ಆಮೇಲೆ ಕ್ಯಾಪ್ಟನ್ ಮೋಹನ್ ಸಿಂಗ್ ಆಜಾದ್ ಹಿಂದ್ ಫೌಜಿಗೆ ಸೇರಿ ಅಂತ ಕರೆ ಕೊಟ್ಟ. ಸೇರಿದವರ ದಾರಿ ಒಂದಾಯಿತು. ಸೇರದವರಲ್ಲಿ ಸಾವಿರಾರು ಜನರನ್ನು ಹಡಗಿಗೆ ತುಂಬಿ ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ನಮ್ಮ ಮನೆಯಲ್ಲಿ ತಾತ ಸುಭಾಷರ ಸೇನೆಯಲ್ಲಿದ್ದರು ಅಂತಲೂ ಅಂತಾರೆ. ಆದರೆ ಸುಭಾಷರು ಸಿಂಗಪುರಕ್ಕೆ ಬಂದದ್ದೇ 1943ರ ಜುಲೈನಲ್ಲಿ, ಸೆರೆಯಾಗಿ ಒಂದೂವರೆ ವರ್ಷ ಕಳೆದ ಮೇಲೆ. ನಿಮ್ಮ ಮನೆಯ ಕತೆಯನ್ನೂ ಹೀಗೆ ತಾರೀಖಿಗೆ ಹಚ್ಚಿ ನೋಡಿ, ತುಂಬ ಸಂಗತಿ ಬಿಡಿಸಿಕೊಳ್ಳುತ್ತೆ.

ಫ್ಯಾರರ್ ಪಾರ್ಕಿಗೆ ಕಾರು ಬೇಡ, ಗೈಡ್ ಬೇಡ. ಅದೇ ಹೆಸರಿನ ಮೆಟ್ರೋ ನಿಲ್ದಾಣವೇ ಇದೆ. ರೈಲಿನಲ್ಲಿ ಆ ಹೆಸರು ಕೂಗಿದಾಗ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನೋಡೋಕೇನೂ ಇಲ್ಲ ಅಂತ ಮೊದಲೇ ಹೇಳ್ತೀನಿ. ಒಂದು ಕಾಲಕ್ಕೆ ಕುದುರೆ ರೇಸಿನ ಬಯಲು, ಈಗ ಸುತ್ತ ಎತ್ತರದ ಮನೆಗಳು, ನಡುವೆ ಹುಲ್ಲು. ಅಮ್ಮ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಹತ್ತು ನಿಮಿಷ ಕೂತಳು. ನಾನು ಫೋಟೋ ತೆಗೆಯೋಕೆ ಹೋದರೆ ಬೇಡ ಅಂದಳು. ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಆ ಸೆಕೆಯಲ್ಲಿ ವಯಸ್ಸಾದವರನ್ನು ನಿಲ್ಲಿಸೋಕಾಗಲ್ಲ.

ಹತ್ತಿರವೇ ಇರಲಿ ಅಂತ ಲಿಟಲ್ ಇಂಡಿಯಾದಲ್ಲಿ ರೂಮು ಹಿಡಿದಿದ್ದೆ. ಬಾಗಿಲು ತೆಗೆದರೆ ಕಿಟಕಿಯೇ ಇಲ್ಲ. ಪರದೆ ಮಾತ್ರ ಇತ್ತು, ಸರಿಸಿದರೆ ಗೋಡೆ! ಕೇಳಿದರೆ ಕಿಟಕಿಯ ರೂಮಿಗೆ ರೇಟು ಬೇರೆ ಅಂದರು. ಆ ಊರಲ್ಲಿ ಇದು ಮಾಮೂಲಂತೆ. ಬುಕ್ ಮಾಡುವಾಗ 'ಕಿಟಕಿ ಉಂಟು' ಅಂತ ಬರೆದಿದೆಯೇ ನೋಡಿಕೊಳ್ಳಿ. ಇನ್ನು ಭಾನುವಾರ ಸಂಜೆ ಆ ಬೀದಿಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ. ವಾರವಿಡೀ ದುಡಿದ ನಮ್ಮ ಕಡೆಯ, ಬಾಂಗ್ಲಾದ ಹುಡುಗರಿಗೆ ಅದೊಂದೇ ರಜೆ. ಜನಜಂಗುಳಿ ಕಂಡರೆ ನನಗೆ ಉಸಿರು ಕಟ್ಟುತ್ತೆ, ಅದಕ್ಕೇ ಆ ದಿನ ತಪ್ಪಿಸಿ ಅಂತೀನಿ. ಜಾತ್ರೆ ಇಷ್ಟಪಡೋರು ಬೇಕಾದರೆ ಹೋಗಲಿ.

ಆ ರೂಮಿನ ಸಿಟ್ಟನ್ನೆಲ್ಲ ತೊಳೆದದ್ದು ತೆಕ್ಕಾ ಸೆಂಟರ್. ಕೆಳಗೆ ಮೀನು, ತರಕಾರಿ ಮಾರ್ಕೆಟ್ಟು, ಪಕ್ಕದಲ್ಲೇ ಸಾಲು ಸಾಲು ತಿಂಡಿ ಅಂಗಡಿ. ಅಲ್ಲೊಂದು ಅಂಗಡಿಯಲ್ಲಿ ಒಬ್ಬಾಕೆ ಒಂದೇ ಸಲಕ್ಕೆ ಮೂರ್ನಾಲ್ಕು ಬಾಣಲೆಯಲ್ಲಿ ಅಪ್ಪಂ ಹುಯ್ಯುತ್ತಿದ್ದಳು. ಹಿಟ್ಟು ಹಾಕೋದು, ಬಾಣಲೆ ಎತ್ತಿ ಒಂದು ಸುತ್ತು ತಿರುಗಿಸೋದು, ಮುಚ್ಚಳ ಮುಚ್ಚೋದು. ನಡುವೆ ಮೆತ್ತಗೆ, ಅಂಚು ಹಪ್ಪಳದ ಹಾಗೆ. ಜೊತೆಗೆ ತೆಂಗಿನಕಾಯಿ ತುರಿ, ಕಿತ್ತಳೆ ಬಣ್ಣದ ಸಕ್ಕರೆ. ಆ ಸಕ್ಕರೆ ನೋಡಿ ಅಮ್ಮ ಮೊದಲು ಮೂಗು ಮುರಿದಳು, ಆಮೇಲೆ ದಿನಾ ಎರಡು ತಿಂದಳು. ಇಬ್ಬರ ತಿಂಡಿ, ಟೀ ಸೇರಿದರೂ ಏರ್‌ಪೋರ್ಟಿನಲ್ಲಿ ಒಂದು ಕಾಫಿಗೆ ಕೊಟ್ಟಷ್ಟು ಆಗಲಿಲ್ಲ. ಟೇಬಲ್ಲಿನ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟಿದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಅಂತ ಅರ್ಥ. ಗೊತ್ತಿಲ್ಲದೆ ಕೂತು ಬೈಸಿಕೊಂಡಿದ್ದೀನಿ.

ಪರ್ಸಿವಲ್ ಶರಣಾಗತಿಗೆ ಸಹಿ ಹಾಕಿದ ಹಳೆಯ ಫೋರ್ಡ್ ಫ್ಯಾಕ್ಟರಿ ಸೋಮವಾರ ಬಾಗಿಲು ಹಾಕಿರುತ್ತೆ. ನಾವು ಹೋದದ್ದು ಸೋಮವಾರವೇ.

ಕ್ರಾಂಜಿ ಯುದ್ಧ ಸ್ಮಾರಕಕ್ಕೆ ಪೂರ್ತಿ ಅರ್ಧ ದಿನ ಇಡಿ. ಕ್ರಾಂಜಿ ಮೆಟ್ರೋದಿಂದ ನಡೆದೇ ಹೋಗಬಹುದು, ಅಮ್ಮನಿಗಾಗಿ ನಾನು ಟ್ಯಾಕ್ಸಿ ಹಿಡಿದೆ. ಗುಡ್ಡದ ಮೇಲೆ ವಿಮಾನದ ರೆಕ್ಕೆಯಂಥ ಚಾವಣಿ, ಅದರಡಿಯ ಗೋಡೆಗಳ ಮೇಲೆ 24,000ಕ್ಕೂ ಹೆಚ್ಚು ಹೆಸರು. ಒಂದು ಮಾತು ನೆನಪಿಡಿ: ಇವು ಸತ್ತು, ಗುರುತಿನ ಸಮಾಧಿಯೂ ಇಲ್ಲದವರ ಹೆಸರುಗಳು. ಜೀವ ಉಳಿಸಿಕೊಂಡು ಊರಿಗೆ ಬಂದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಒಂದು ಕುಟುಂಬ ತಾತನ ಹೆಸರಿಗಾಗಿ ಒಂದು ಗಂಟೆ ಹುಡುಕುತ್ತಿತ್ತು. ಮಾತಾಡಿಸಿದರೆ, ಆ ತಾತ 1971ರಲ್ಲಿ ಮನೆಯಲ್ಲೇ ತೀರಿಕೊಂಡವರಂತೆ.

ನಾವು ಹುಡುಕಿದ್ದು ತಾತನ ಜೊತೆ ಹೋಗಿ ಬಾರದೇ ಉಳಿದ ಅವರ ಗೆಳೆಯನನ್ನು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಊರಿನಿಂದಲೇ ಪುಕ್ಕಟೆ ಹುಡುಕಬಹುದು. ಹೆಸರು ಹಾಕಿ ಹುಡುಕಬೇಡಿ, ಪಡೆಯ ಹೆಸರು ಹಾಕಿ. ನಮ್ಮ ಹೆಸರುಗಳನ್ನು ಇಂಗ್ಲಿಷಿನ ಗುಮಾಸ್ತರು ಬಾಯಿಗೆ ಬಂದ ಹಾಗೆ ಬರೆದಿದ್ದಾರೆ. ಗೋಡೆಯ ಹಿಂದೆ ಇನ್ನೊಂದು ಚಿಕ್ಕ ಸ್ಮಾರಕ ಇದೆ, ಅವರವರ ಧರ್ಮದ ಪ್ರಕಾರ ದಹನ ಮಾಡಿದ ಸುಮಾರು 800 ಜನರದು, ಹೆಚ್ಚಿನವರು ಇಂಡಿಯನ್ ಪಡೆಯವರು. ಬಂದವರು ಮುಂದಿನ ಗೋಡೆ ನೋಡಿಯೇ ಬಸ್ಸು ಹತ್ತುತ್ತಾರೆ. ನೀವು ಹಿಂದಕ್ಕೂ ಹೋಗಿ.

ಹೊರಡೋ ಮೊದಲು ಪೆಟ್ಟಿಗೆಯ ಕಾಗದ ತೆಗೆದು ಸೇವಾ ಸಂಖ್ಯೆ ಬರೆದಿಟ್ಟುಕೊಳ್ಳಿ, ಎಲ್ಲ ಕಡೆ ಮೊದಲು ಕೇಳೋದು ಅದನ್ನೇ. ವಾಪಸಾದ ಕೈದಿಗಳು ಆಜಾದ್ ಹಿಂದ್ ಫೌಜಿನ ಕಡೆ ಎಷ್ಟು ವಾಲಿದ್ದರು ಅಂತ ಬ್ರಿಟಿಷರು ವಿಚಾರಣೆ ಮಾಡಿ ಅವರನ್ನು ಬಿಳಿ, ಬೂದು (ಗ್ರೇ), ಕಪ್ಪು ಅಂತ ವಿಂಗಡಿಸಿದ್ದರು. ಕಾಗದದಲ್ಲಿ 'ಗ್ರೇ' ಅಂತ ಕಂಡರೆ ಸಮವಸ್ತ್ರದ ಬಣ್ಣ ಅಂದುಕೊಳ್ಳಬೇಡಿ. ಮೈಸೂರು ಕಾಲಾಳು ಪಡೆ ಸ್ವಾತಂತ್ರ್ಯದ ಮೇಲೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಹಾಗಾಗಿ ನೀಲಗಿರಿಯ ವೆಲಿಂಗ್ಟನ್ನಿನಲ್ಲಿರುವ ರೆಜಿಮೆಂಟ್ ಕೇಂದ್ರಕ್ಕೂ, ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಬರೆದು ನೋಡಿ. ಸಿಂಗಪುರದ ರಾಷ್ಟ್ರೀಯ ಪತ್ರಾಗಾರ ಆ ಕಾಲದವರನ್ನು ಮಾತಾಡಿಸಿ ಧ್ವನಿಮುದ್ರಿಸಿಕೊಂಡದ್ದು ಎಷ್ಟೋ ಇಂಟರ್ನೆಟ್ಟಿನಲ್ಲೇ ಇದೆ. ಅದನ್ನು ಮೊದಲೇ ಕೇಳಿದ್ದರೆ ಆ ಕಾರಿನ ದುಡ್ಡು ಉಳಿಯುತ್ತಿತ್ತು.

ಬಂದ ಮೇಲೆ ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿ, ಅದು ಪರಾರಿ ಅಲ್ಲ, ಪಾರ್ಕು ಅಂತ ತಿದ್ದುತ್ತಿದ್ದಾಳೆ. ದೊಡ್ಡ ಸೋದರಮಾವ ಮಾತ್ರ ಇನ್ನೂ ಒಪ್ಪಿಲ್ಲ. "ಅಪ್ಪ ಈಜ್ಕೊಂಡು ಬಂದ್ರು, ನಂಗೊತ್ತು" ಅಂತಾರೆ.