ಡೋಸ್ ಏರಿಸುವ ಮುನ್ನ ಊಟದ ಹೊತ್ತು ಕೇಳಿ

ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚನೆ ಮಾಡುವವರ ಕೈಗೆ ಇಂಥ ಚೀಟಿ ಮತ್ತೆ ಮತ್ತೆ ಬರುತ್ತದೆ: ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ) 10, ಅಂದರೆ ತುಂಬಾ ಹೆಚ್ಚು; ಇನ್ಸುಲಿನ್ 30/70 (ಬೇಗ ಮತ್ತು ನಿಧಾನ ಕೆಲಸ ಮಾಡುವ ಇನ್ಸುಲಿನ್‌ಗಳ ಮಿಶ್ರಣ), ಬೆಳಿಗ್ಗೆ 20 ಯೂನಿಟ್, ರಾತ್ರಿ 12. "ಸರಿಯಾಗಿ ತಗೋತಿದ್ದೀರಾ?" ಅಂದರೆ "ಹೂಂ" ಎನ್ನುತ್ತಾರೆ. ಡೋಸ್ ಏರುತ್ತದೆ, ಶುಗರ್ ಇಳಿಯುವುದಿಲ್ಲ.

ಕೇಳಬೇಕಾದ್ದು ಬೇರೆ: "ಸೂಜಿ ಹಾಕ್ಕೊಂಡು ಎಷ್ಟು ಹೊತ್ತಿಗೆ ತಟ್ಟೆ ಮುಂದೆ ಕೂರ್ತೀರಮ್ಮಾ?"

ಈ ಇನ್ಸುಲಿನ್ ಹಾಕಿಕೊಂಡ 30 ನಿಮಿಷಕ್ಕೆ ತಿನ್ನಬೇಕು. ಮಾವನಿಗೆ ಬಡಿಸಿ, ಮಕ್ಕಳ ಡಬ್ಬಿ ಕಟ್ಟಿ, ಎಲ್ಲರದ್ದೂ ಆದ ಮೇಲೆ ತಿನ್ನುವ ಸೊಸೆಗೆ ತಿಂಡಿ ಸಿಗುವುದು 10 ಗಂಟೆಗೆ. ಅಷ್ಟರಲ್ಲಿ ಶುಗರ್ ತೀರಾ ಇಳಿದು, ಬೆವರು ಕಿತ್ತು, ಕೈ ನಡುಗಿ ಒಲೆ ಮುಂದೆಯೇ ಕುಸಿದಿರುತ್ತಾರೆ. ಎರಡು ಸಲ ಹೀಗಾದರೆ 20ರ ಜಾಗದಲ್ಲಿ 10 ಹಾಕಿಕೊಳ್ಳತೊಡಗುತ್ತಾರೆ. ಬೈತಾರೆ ಅಂತ ಡಾಕ್ಟರಿಗೆ ಹೇಳುವುದಿಲ್ಲ. ಇದನ್ನು ನಿರ್ಲಕ್ಷ್ಯ ಎಂದು ಬರೆಯುವುದು ಅನ್ಯಾಯ. ಅಪಾಯವೂ ಹೌದು: ಬೇರೆ ಕಾಯಿಲೆಗೆ ಅಡ್ಮಿಟ್ ಆದಾಗ ನರ್ಸ್ ಚೀಟಿಯಲ್ಲಿರುವಷ್ಟೂ ಕೊಟ್ಟರೆ ಪ್ರಜ್ಞೆ ತಪ್ಪಬಹುದು.

ಬಾಯಿಂದ ಬಾರದ್ದನ್ನು ಬಾಟಲಿ ಹೇಳುತ್ತದೆ. 40 ಐಯು (ಮಿ.ಲೀ.ಗೆ 40 ಯೂನಿಟ್) ಬಾಟಲಿಯ 10 ಮಿ.ಲೀ.ನಲ್ಲಿ 400 ಯೂನಿಟ್. ದಿನಕ್ಕೆ 32ರಂತೆ 12 ದಿನಕ್ಕೆ ಮುಗಿಯಬೇಕು. ತಿಂಗಳಾದರೂ ಅದೇ ಬಾಟಲಿ ಇದ್ದರೆ ಉತ್ತರ ಸಿಕ್ಕಿತು. ಸಿರಿಂಜನ್ನೂ ನೋಡಿ: ಈ ಬಾಟಲಿಗೆ ಕೆಂಪು ಮುಚ್ಚಳದ 40 ಐಯು ಸಿರಿಂಜೇ ಆಗಬೇಕು. ಕಿತ್ತಳೆ ಮುಚ್ಚಳದ 100 ಐಯು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಹೋಗುವುದು ಬರೀ 8 ಯೂನಿಟ್.

ಫ್ರಿಜ್ ಇಲ್ಲದವರು ಬಾಟಲಿಯನ್ನು ಪಕ್ಕದ ಮನೆಯಲ್ಲಿ ಇಟ್ಟಿರುತ್ತಾರೆ. ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ತಟ್ಟುವ ಸಂಕೋಚಕ್ಕೇ ರಾತ್ರಿಯ ಸೂಜಿ ತಪ್ಪುತ್ತದೆ. ಬಳಸುತ್ತಿರುವ ಬಾಟಲಿಗೆ ಫ್ರಿಜ್ ಬೇಕಿಲ್ಲ. ಡಬ್ಬಿಯಲ್ಲಿಟ್ಟು ಒದ್ದೆ ಮರಳಿನ ಮಣ್ಣಿನ ಮಡಕೆಯೊಳಗೆ ನೆರಳಲ್ಲಿ ಇಟ್ಟರೆ ಸಾಕು.

ಮನೆಯವರನ್ನು ಒಳಗೆ ಕರೆಯುವ ಮುಂಚೆ ರೋಗಿಯೊಬ್ಬರನ್ನೇ ಕೂರಿಸಿ, ಕಾಯಿಲೆ ಮನೆಯಲ್ಲಿ ಗೊತ್ತಿದೆಯಾ ಎಂದು ಕೇಳಿ. ಮುಚ್ಚಿಟ್ಟಿದ್ದರೆ ಕರೆಯಬೇಡಿ. ಗೊತ್ತಿದ್ದರೆ ಅತ್ತೆಯ ಎದುರೇ ಡಾಕ್ಟರ್ ಬಾಯಿಂದ ಹೇಳಿಸಿ: "ಸೂಜಿ ಹಾಕಿದ ಅರ್ಧ ಗಂಟೆಗೆ ಇವರು ತಿನ್ನಲೇಬೇಕು, ಊಟವೂ ಔಷಧಿಯೇ." ಸೊಸೆ ಹೇಳಿದರೆ ನಡೆಯದ್ದು ಹೀಗೆ ನಡೆಯುತ್ತದೆ. ಒಲೆ ಪಕ್ಕ ಸಕ್ಕರೆ ಇರಲಿ: ನಡುಕ ಬಂದ ಕೂಡಲೇ 3 ಚಮಚ ನೀರಿಗೆ ಹಾಕಿ ಕುಡಿಯುವುದು, 15 ನಿಮಿಷಕ್ಕೂ ನಡುಕ ನಿಲ್ಲದಿದ್ದರೆ ಮತ್ತೆ ಅಷ್ಟೇ.

ಕೊನೆಗೆ ಚೀಟಿಯಲ್ಲಿ, ಡಾಕ್ಟರ್ ಬರೆದ 20–12ರ ಪಕ್ಕದಲ್ಲೇ, "ನಿಜವಾಗಿ ಹಾಕಿಕೊಳ್ಳುತ್ತಿರುವುದು 10–6 ಯೂನಿಟ್, ತಿಂಡಿ 10 ಗಂಟೆಗೆ" ಎಂದು ಬರೆದು ಒಳಗೆ ಕಳಿಸಿ.